ಒಂದು ಬಡಿತ ತಡವಾದ ಕಿಂಡಿ

ಅವ್ವನ ಬಲಗೈ ನಿಂತದ್ದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ.

ಖಾನಾವಳಿ ತುಂಬಿತ್ತು. ನಾನು ಅಡಿಗೆಮನೆಯ ಕಿಂಡಿಯ ಬಳಿ ನಿಂತು ಒಳಗಿನಿಂದ ಬಂದ ರೊಟ್ಟಿಗಳನ್ನು ಹೊರಗಿನ ತಟ್ಟೆಗಳಿಗೆ ಇಡುತ್ತಿದ್ದೆ. ಬೆನ್ನ ಹಿಂದೆ ರೊಟ್ಟಿ ಬಡಿಯುವ ಪಟಪಟ ಸದ್ದು ನಡೆದಿತ್ತು. ದಿನವೂ ಕೇಳುವ ಸದ್ದು ಕಿವಿಗೆ ಬೀಳುವುದಿಲ್ಲ, ನಿಂತಾಗ ಬೀಳುತ್ತದೆ. ತಿರುಗಿ ನೋಡಿದೆ. ಅವ್ವನ ಬಲಗೈ ಹಿಟ್ಟಿನ ಮೇಲೆ ಅಂಗೈ ಊರಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಎಡಗೈ ತನ್ನ ರೂಢಿಯಂತೆ ರೊಟ್ಟಿಯನ್ನು ತಿರುಗಿಸಲು ಹೋಗಿ, ರೊಟ್ಟಿ ನಡುವೆ ಹರಿದಿತ್ತು.

“ನಿಂಬೀ, ಕೈ ನನಗ ಕೈ ಕೊಟ್ಟೈತಿ ನೋಡವಾ,” ಎಂದಳು ಅವ್ವ ನಗುತ್ತಲೇ. ಆದರೆ ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಎತ್ತಲು ನೋಡುತ್ತಿದ್ದಳು. ಅವು ಏಳಲಿಲ್ಲ.

ಹೊರಗಿನಿಂದ ಯಾರೋ ಕೂಗಿದರು: “ಹಂಪಕ್ಕಾ, ರೊಟ್ಟಿ ಹೊರಗ ಬರ್ತಾವೋ, ನಾವ ಒಳಗ ಬರೂನೋ?”

“ಬರ್ರಿ ಬರ್ರಿ. ಹಿಟ್ಟು ನಾದಾಕ ಒಬ್ಬಾಂವ ಬೇಕಾಗ್ಯಾನ!”

ಹೊರಗೆ ನಕ್ಕರು. ನಾನು ಓಡಿಹೋಗಿ ಅಕ್ಕನಿಗೆ ಫೋನ್ ಮಾಡಿದೆ.

ಅವ್ವನ ನಿಜವಾದ ಬಲಗೈಯನ್ನು ಹಿಟ್ಟಿನ ಗಿರಣಿಯ ಪಟ್ಟಿ ನುಂಗಿತ್ತು. ನಾನು ಶಾಲೆ ಬಿಟ್ಟದ್ದು ಆ ವರ್ಷವೇ. ಉಳಿದ ಒಂದು ಕೈಗೆ ನನ್ನ ಎರಡು ಕೈಗಳು ಬೇಕಾಗಿದ್ದವು. ಮರು ವರ್ಷ ಆಸ್ಪತ್ರೆಯವರು ಈ ಕೈಯನ್ನು ಹಾಕಿದರು. ತೋಳಿನ ನರಗಳ ತುದಿಗಳು ಕೂದಲಿಗಿಂತ ಸಣ್ಣ ತಂತಿಗಳಿಗೆ ಬೇರು ಬಿಡುವ ಬಗೆಯ ಕೈ ಅದು. ಚಹಾದ ಕಪ್ಪು ಹಿಡಿಯುವುದು ಬೇಗ ಬಂತು. ರೊಟ್ಟಿ ಬಡಿಯುವುದು ಬರಲಿಲ್ಲ. ಹರಿದ ರೊಟ್ಟಿಗಳನ್ನು ನಾವು ಎಷ್ಟು ತಿಂದೆವೋ, ಓಣಿಯ ದನಗಳು ಎಷ್ಟು ತಿಂದವೋ ಗೊತ್ತಿಲ್ಲ. ಕೊನೆಗೊಂದು ದಿನ ಬೆಳಿಗ್ಗೆ ನಾನು ನೀರು ತರುತ್ತಿದ್ದಾಗ ಒಳಗಿನಿಂದ ಹಳೆಯ ಸದ್ದು ಬಂತು. ಮೊದಲು ನಿಧಾನ, ಹಿಟ್ಟು ಅಗಲವಾದಂತೆ ಚುರುಕು, ಅಂಚಿಗೆ ಬಂದಾಗ ಮಳೆ ಹನಿಯಂತೆ ಬಿಡುವಿಲ್ಲದ ಸಣ್ಣ ಬಡಿತ. ಕೊಡ ಇಳಿಸುವುದನ್ನೂ ಮರೆತು ಬಾಗಿಲಲ್ಲೇ ನಿಂತಿದ್ದೆ.

ಈಗ ಆ ಸಣ್ಣ ಬಡಿತದಲ್ಲೇ ಕೈ ನಿಂತಿತ್ತು.

ನಮ್ಮ ಕಡೆ ಮನೆಗೊಬ್ಬರಾದರೂ ಇಂಥ ಅಂಗ ಇಟ್ಟುಕೊಂಡವರಿದ್ದರು. ಒಬ್ಬರಿಗೆ ಮೊಣಕಾಲು, ಒಬ್ಬರಿಗೆ ಕಿವಿ, ಒಬ್ಬರಿಗೆ ಎದೆಯೊಳಗಿನ ಪಂಪು. ಮಾಡಿದ ಕಂಪನಿಗಳು ಬೇರೆ ಬೇರೆ. ಆದರೆ ಎಲ್ಲದರ ನಡುವೆಯೂ ಒಂದೇ ತಂತ್ರಾಂಶ ಕೂತಿತ್ತು. ಅದಕ್ಕೆ ತಿರುಳು ಎಂದು ಹೆಸರು. ಅದನ್ನು ಬರೆದು ಕಾಯುವ ಕೇಂದ್ರ ನಮ್ಮ ನವನಗರದಲ್ಲೇ ಇತ್ತು, ನನ್ನ ಅಕ್ಕ ಮಹಾನಂದಾ ಅಲ್ಲಿ ಎಂಜಿನಿಯರ್. ಹೊಸ ತಿರುಳು ತಯಾರಾಗಿತ್ತು. ನಾಡಿಗೆಲ್ಲ ಕೊಡುವ ಮುಂಚೆ ಕೇಂದ್ರದ ಸುತ್ತಲಿನ ಕೆಲವರಿಗೆ ಕೊಟ್ಟು ನೋಡುತ್ತಿದ್ದರು. ಆ ಕೆಲವರಲ್ಲಿ ಅವ್ವನೂ ಒಬ್ಬಳು. “ನನ್ನ ಮಗಳ ಕೈ ಅಡಿಗಿ, ನಾನ ಮೊದಲ ಉಣತೀನಿ,” ಎಂದು ತಾನೇ ಮುಂದೆ ಬಂದಿದ್ದಳು.

*

ಕೇಂದ್ರದ ಪರೀಕ್ಷಾಲಯದಲ್ಲಿ ಅಕ್ಕನ ಸಹೋದ್ಯೋಗಿ ಇಮಾಮಸಾಬ ನದಾಫರು ಅವ್ವನ ಮಣಿಕಟ್ಟಿಗೆ ಒಂದು ತಂತಿ ಸಿಕ್ಕಿಸಿ ಹಳೆಯ ತಿರುಳನ್ನು ಮರಳಿ ಹಾಕಿದರು. ಬೆರಳುಗಳು ಸಡಿಲವಾದವು. ಅವ್ವ ಮುಷ್ಟಿ ಕಟ್ಟಿದಳು, ಬಿಚ್ಚಿದಳು.

“ಏನಾಗಿತ್ತರೀ ಅಣ್ಣಾರ?”

“ನೀವು ರೊಟ್ಟಿ ಬಡೀತಿದ್ರಿ, ಅದು ನಿಮಗ ಮೂರ್ಛೆ ಬಂತು ಅಂತ ತಿಳ್ಕೊಂತು,” ಎಂದರು ನದಾಫರು.

ವಿಷಯ ಹೀಗಿತ್ತು. ಮೂರ್ಛೆ ರೋಗ ಇದ್ದವರಿಗೆ ಇಂಥ ಕೈಗಳು ಅಪಾಯವಾಗಿದ್ದವು. ಮೈ ನಡುಗಿದಾಗ ಕೈಯೂ ಬಡಿದುಕೊಂಡು, ಪಕ್ಕದಲ್ಲಿದ್ದವರ ಮೂಳೆ ಮುರಿದದ್ದಿತ್ತು. ಅದಕ್ಕಾಗಿ ಹೊಸ ತಿರುಳಿನಲ್ಲಿ ನಡುಕದ ಕಾವಲು ಎಂಬುದನ್ನು ಇಟ್ಟಿದ್ದರು. ಅಂಗೈಗೆ ಬೇಗಬೇಗ ಬರುವ ತಾಕುಗಳನ್ನು ಅದು ಒಂದೇ ತಾಕೆಂದು ಎಣಿಸುತ್ತಿತ್ತು, ಇನ್ನೂ ಚುರುಕಾದರೆ ನಡುಕವೆಂದು ತಿಳಿದು ಕೈಯನ್ನು ಬಿಗಿಯುತ್ತಿತ್ತು. ಬರೆದವಳು ನನ್ನ ಅಕ್ಕ. ಒಳ್ಳೆಯ ಕೆಲಸವೇ. ಬಹುಮಾನವೂ ಬಂದಿತ್ತು.

“ಪರೀಕ್ಷೆ ಮಾಡಿರಲಿಲ್ಲೇನವಾ ನಂದಾ?” ಎಂದಳು ಅವ್ವ.

ಅಕ್ಕ ನೆಲ ನೋಡಿದಳು. ನದಾಫರೇ ಉತ್ತರ ಕೊಟ್ಟರು. “ಕಪ್ಪು ಎತ್ತೂದು ಮಾಡೀವಿ, ಗುಂಡಿ ಹಾಕೂದು ಮಾಡೀವಿ, ಬರಿಯೂದು ಮಾಡೀವಿ. ರೊಟ್ಟಿ ಮುರದು ಎಣಗಾಯಿ ಪಲ್ಯಾಕ ಹಚ್ಚಿ ತಿನ್ನೂದೂ ಮಾಡೀವ್ರೀ ಯವ್ವಾರ, ಒಂದ್ ವಾರ ನಾನ ತಿಂದೀನಿ. ಬಡಿಯೂದು ಮಾತ್ರ ಯಾರಿಗೂ ನೆನಪಾಗಲಿಲ್ಲ.”

“ಆಗತೈತಿ ಅಣ್ಣಾರ. ಉಣ್ಣಾವ್ರಿಗೆ ತಾಟ್ ಕಾಣತೈತಿ, ರೊಟ್ಟಿ ಬಡಿಯೂ ಕಲ್ಲು ಕಾಣೂದಿಲ್ಲ.”

ಅಷ್ಟರಲ್ಲಿ ಕೇಂದ್ರದ ಮುಖ್ಯಸ್ಥೆ ಕುಮುದಿನಿ ಹಳ್ಳೂರ ಬಂದರು. ನೇರ ಬೆನ್ನಿನ, ನರೆಗೂದಲಿನ ಹೆಂಗಸು. ಅವ್ವನಿಗೆ ನಮಸ್ಕಾರ ಮಾಡಿ, ಆದದ್ದನ್ನೆಲ್ಲ ನಿಂತುಕೊಂಡೇ ಕೇಳಿದರು.

“ತಾಯಾರ, ಈಗ ಹಳೇ ತಿರುಳು ಹಾಕಿ ಕಳಸ್ತೀವಿ. ಆದ್ರ ನಿಮಗ ಸುಳ್ಳು ಹೇಳೂದಿಲ್ಲ. ಬರೋ ಅಮಾಸಿ ಮರುದಿನ ಹಳೇ ತಿರುಳು ಪೂರ್ತಿ ಬಂದ್ ಆಗತೈತಿ. ಆಮ್ಯಾಲ ಎಲ್ಲಾರಿಗೂ ಹೊಸದ.”

“ಹೊಸದರಾಗ ನನ್ನ ಕೈ?”

“ಎಲ್ಲಾ ಮಾಡತೈತಿ. ರೊಟ್ಟಿ ಒಂದು ಬಡಿಯೂದಿಲ್ಲ.”

ಅಕ್ಕ ಮುಂದೆ ಬಂದಳು. “ಮೇಡಮ್, ಹಳೇ ತಿರುಳಿನ್ಯಾಗ ತಾಕಿನ ಕಿಂಡಿ ಪ್ರತಿ ತಾಕನ್ನೂ ಬ್ಯಾರೆ ಬ್ಯಾರೆ ಹೇಳ್ತಿತ್ತು. ನಾವು ಅದನ್ನ ಮುರದೀವಿ.”

“ಮುರದಿಲ್ಲ ಮಹಾನಂದಾ. ಕಿಂಡಿಯ ಸಂಖ್ಯೆ ಅದೇ, ಕೇಳೋ ಪ್ರಶ್ನೆ ಅದೇ, ಕೊಡೋ ಉತ್ತರದ ಆಕಾರ ಅದೇ. ಎಷ್ಟು ತಾಕು ಅಂತ ಎಣಿಸಿ ಹೇಳ್ತೀವಿ ಅಂತ ನಾವು ಎಂದೂ ಮಾತು ಕೊಟ್ಟಿಲ್ಲ. ಕೈ ಮಾಡಿದಾವ್ರು ಅದನ್ನ ನಂಬಿದ್ರ ಅವರ ತಪ್ಪು. ಅವರಿಗೇ ತಿದ್ದಾಕ ಹೇಳು.”

ಹೇಳಲು ಅವರಿರಲಿಲ್ಲ. ಕೈ ಮಾಡಿದ ಕಂಪನಿ ಮುಚ್ಚಿ ಬಹಳ ವರ್ಷವಾಗಿತ್ತು. ಕೈಯೊಳಗಿನ ಬರಹವನ್ನು ತೆರೆಯುವ ಬೀಗದ ಕೈ ಯಾರ ಬಳಿಯೂ ಇರಲಿಲ್ಲ. ಬೇರೆ ಕೈ ಹಾಕೋಣವೆಂದರೆ, ನರಗಳು ಆಳವಾಗಿ ಬೇರು ಬಿಟ್ಟಿವೆ, ಕಿತ್ತರೆ ತೋಳೇ ಬತ್ತಬಹುದು ಎಂದು ವೈದ್ಯರು ಹಿಂದೆಯೇ ಹೇಳಿದ್ದರು. ಬದಲಾಗಬಲ್ಲದ್ದು ತಿರುಳು ಒಂದೇ.

*

ಹಿಂದಿರುಗುವಾಗ ಆಟೋದಲ್ಲಿ ಅವ್ವ ನಡುವೆ ಕೂತಿದ್ದಳು. ಅವಳೇ ಕೇಳಿದಳು, “ಈ ಕಿಂಡಿ ಅಂದ್ರ ಏನ?”

“ನಮ್ಮ ಅಡಿಗಿಮನಿ ಕಿಂಡಿ ಇದ್ದಂಗ ಯವ್ವಾ,” ಎಂದಳು ಅಕ್ಕ. “ನೀ ಕಟಗಿ ಒಲಿ ತಗದು ಗ್ಯಾಸ್ ಇಟ್ಟಿ, ಗ್ಯಾಸ್ ತಗದು ಕರೆಂಟಿನ ಒಲಿ ಇಟ್ಟಿ. ಹೊರಗ ಕುಂತು ಉಣ್ಣಾವ್ರಿಗೆ ಗೊತ್ತಾತೇನು? ಕಿಂಡ್ಯಾಗ ರೊಟ್ಟಿ ಕೇಳಿದ್ರು, ರೊಟ್ಟಿ ಬಂತು. ಕೈಯೂ ಹಂಗ ಕಿಂಡಿಗೆ ಬಂದು ಕೇಳತೈತಿ, ಅಂಗೈಗೆ ಏನರ ತಾಕೇತೇನು ಅಂತ. ತಿರುಳು ಒಳಗಿಂದ ಹೇಳತೈತಿ. ಒಳಗ ನಾವು ಏನ್ ಬೇಕಾದ್ರೂ ಬುಡಮೇಲು ಮಾಡಬಹುದು. ಕಿಂಡ್ಯಾಗ ಮಾತ್ರ ನಿನ್ನೆ ಬಂದದ್ದ ಇವತ್ತೂ ಬರಬೇಕು.”

“ಇವತ್ತ ಏನ್ ಬಂತು ಮತ್ತ?”

“ಅನ್ನ ಬಂತು ಯವ್ವಾ.”

ಅವ್ವ ನಗಲಿಲ್ಲ. “ನಂದಾ, ನನಗ ಒಂದ್ ಹೇಳು. ಆ ಕಾವಲು ತಗದ್ರ ಮೂರ್ಛಿ ಬರಾವ್ರಿಗೆ ತ್ರಾಸ ಆಗತೈತಲ್ಲ?”

“ಆಗತೈತಿ.”

“ಹಂಗಾರ ತಗೀಬ್ಯಾಡ.”

ಅವಳು ಹಾಗಂದು ಹೊರಗೆ ನೋಡಿದಳು. ಎಡಗೈ ಬಲಗೈಯನ್ನು ಮಡಿಲಲ್ಲಿ ಹಿಡಿದುಕೊಂಡಿತ್ತು, ನಿದ್ದೆ ಹೋದ ಕೂಸನ್ನು ಹಿಡಿದಂತೆ. ಅಕ್ಕ ಅದನ್ನು ನೋಡಿದಳು. ಅಕ್ಕ ನೋಡಿದ್ದನ್ನು ನಾನು ನೋಡಿದೆ.

ದಾರಿ ಕವಲೊಡೆಯುವಲ್ಲಿ ಆಟೋದ ಹುಡುಗ ಕೇಳಿದ, “ಹಗ್ಗದ ಓಣಿ ಅಂದ್ರಲ್ರೀ ಯವ್ವಾರ?”

ನಮ್ಮ ಹಳೆಯ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಎಷ್ಟೋ ಕಾಲವಾಯಿತು. ಹೊಸ ಊರಿನಲ್ಲಿ ಓಣಿಗಳಿಲ್ಲ, ಸೆಕ್ಟರುಗಳಿವೆ, ಅವಕ್ಕೆ ಸಂಖ್ಯೆಗಳಿವೆ. ಆದರೆ ಅವ್ವನಂಥವರು ಇವತ್ತಿಗೂ ಓಣಿಯ ಹೆಸರನ್ನೇ ಹೇಳುತ್ತಾರೆ.

ಅಕ್ಕ ಮುಂದಕ್ಕೆ ಬಾಗಿದಳು. “ತಮ್ಮಾ, ಹಗ್ಗದ ಓಣಿ ಎಲ್ಲೈತಿ?”

“ನೀರಾಗೈತ್ರೀ ಅಕ್ಕಾರ.”

“ಮತ್ತ ಈಗ ನಮ್ಮನ್ನ ಎಲ್ಲಿಗೆ ಒಯ್ಯಾಕತ್ತಿ?”

“ಹಗ್ಗದ ಓಣಿಗೇ ಒಯ್ಯಾಕತ್ತೀನ್ರೀ.” ಹುಡುಗ ಕನ್ನಡಿಯಲ್ಲಿ ನಮ್ಮನ್ನು ವಿಚಿತ್ರವಾಗಿ ನೋಡಿದ. “ನಾ ಹುಟ್ಟೂಕಿಂತ ಮೊದಲ ಮುಳುಗಿದ್ದು. ಆದ್ರೂ ಹೆಸರು ಹೇಳಿದ್ರ ಮುಟ್ಟಸಬೇಕಲ್ರೀ. ಸೆಕ್ಟರ್ ನಂಬರ್ ಹೇಳ್ರಿ ಅಂದ್ರ ಮುದುಕರು ಬಡೀತಾರ.”

ಅಕ್ಕ ಒಮ್ಮೆಗೇ, “ನಿಲ್ಲಸಪಾ, ನಿಲ್ಲಸು,” ಎಂದಳು. ನಮ್ಮನ್ನು ಆಟೋದಲ್ಲೇ ಬಿಟ್ಟು ಇಳಿದು, ಬಂದ ದಾರಿಯಲ್ಲೇ ಕೇಂದ್ರದ ಕಡೆಗೆ ನಡೆದಳು. ಬರುಬರುತ್ತ ಆ ನಡಿಗೆ ಓಟವಾಯಿತು.

“ಏನಾತಿಕಿಗೆ?” ಎಂದಳು ಅವ್ವ.

“ಗೊತ್ತಿಲ್ಲ ಯವ್ವಾ. ಊಟಾನೂ ಮಾಡಿಲ್ಲ.”

“ಹಂಗಾರ ಡಬ್ಬಿ ಒಯ್ದು ಕೊಡು.”

*

ಹೀಗೆ ದಿನವೂ ಡಬ್ಬಿ ಒಯ್ಯುವುದು ನನ್ನ ಕೆಲಸವಾಯಿತು. ಮೂಲೆಯ ಸ್ಟೂಲಿನಲ್ಲಿ ಕೂತು, ಅಕ್ಕ, ನದಾಫರು ಉಣ್ಣುವ ತನಕ ಕಾಯುತ್ತಿದ್ದೆ. ನಾನು ಇದ್ದೇನೆಂಬುದನ್ನು ಎಲ್ಲರೂ ಮರೆಯುತ್ತಿದ್ದರು, ಅದರಿಂದ ನನಗೆ ಅನುಕೂಲವೇ ಆಯಿತು.

ಆಟೋದಲ್ಲಿ ಅಕ್ಕನಿಗೆ ಹೊಳೆದ ಯೋಚನೆ ಸರಳವಾಗಿತ್ತು. ನಡುಕದ ಕಾವಲು ಬೇಕಾದ ಹೊಸ ಕೈಗಳಿಗೆ ಪಕ್ಕದಲ್ಲಿ ಹೊಸದೊಂದು ಕಿಂಡಿ. ಅವನ್ನು ಮಾಡಿದವರು ಬದುಕಿದ್ದಾರೆ, ಅವರಿಗೆ ಹೊಸ ಕಿಂಡಿಗೆ ಬನ್ನಿ ಎಂದು ಹೇಳಬಹುದು. ಹಳೆಯ ಕಿಂಡಿಯನ್ನು ಮುಟ್ಟುವಂತಿಲ್ಲ. ಅದರ ಹಿಂದೆ ಹೊಸ ತಿರುಳೇ ಇರಲಿ, ಆದರೆ ಹಳೆಯ ಹೆಸರು ಹಿಡಿದು ಬಂದವರಿಗೆ ಹಳೆಯ ಉತ್ತರವೇ ಸಿಗಲಿ.

ಕುಮುದಿನಿ ಮೇಡಮ್ ಬೇಡವೆಂದರು. ಕೂಗಾಡಲಿಲ್ಲ. ಮೆಲ್ಲಗೆ ಹೇಳಿದರು, ಅದೇ ಹೆಚ್ಚು ಗಟ್ಟಿಯಾಗಿ ಕೇಳಿಸಿತು.

“ಹಳೇ ತಿರುಳನ್ನ ಯಾಕ ಮುಚ್ಚಾಕತ್ತೀವಿ ಅಂತ ನಿನಗ ಗೊತ್ತೈತಿ. ಯಾರಿಗೂ ಬ್ಯಾಡಾದ ಒಂದು ಹಳೇ ಕಿಂಡಿ, ಇರ್ಲಿ ಬಿಡು ಅಂತ ಬಿಟ್ಟಿದ್ವಿ. ಅದರಾಗಿಂದ ಒಬ್ಬಾಂವ ಒಳಗ ಬಂದ. ಒಂದ ಸಂಜಿಗೆ ಎಷ್ಟೋ ಮಂದಿ ಎದಿ ಪಂಪು ನಿಲ್ಲಿಸಿದ. ನಮ್ಮ ಯಜಮಾನ್ರು ಚಹಾ ಕುಡಿಯಾಕ ಕುಂತಿದ್ರು.” “ಇಡೋ ಪ್ರತಿ ಕಿಂಡಿನೂ ಒಂದು ಕನ್ನ, ಮಹಾನಂದಾ. ನಿಮ್ಮ ತಾಯಾರ ಕೈ ಬಗ್ಗೆ ನನಗ ಕೆಡಕ ಅನಸ್ತೈತಿ. ಆದ್ರ ರೊಟ್ಟಿಯ ಸಲುವಾಗಿ ಮಂದಿ ಎದಿ ಒತ್ತೆ ಇಡಾಕ ನನ್ನ ಕಡೆ ಆಗೂದಿಲ್ಲ.”

ಅಕ್ಕನ ಕಣ್ಣು ತುಂಬಿತು. ಆಗ ನದಾಫರು ಗಂಟಲು ಸರಿಮಾಡಿಕೊಂಡರು. ಕೇಂದ್ರದಲ್ಲಿ ಅವರ ಕೆಲಸ ವಿಚಿತ್ರವಾದದ್ದು. ಬೇರೆಯವರು ಬರೆದದ್ದಕ್ಕೆ ಕನ್ನ ಹಾಕಿ ನೋಡುವುದು. ತಮ್ಮನ್ನು ತಾವು ಸರ್ಕಾರಿ ಕಳ್ಳ ಎಂದು ಕರೆದುಕೊಳ್ಳುತ್ತಿದ್ದರು.

“ಮೇಡಮ್, ಈಕಿ ಕಿಂಡಿ ಕಟ್ಟಲಿ. ನಾ ಕನ್ನ ಹಾಕ್ತೀನಿ. ಆ ಕಿಂಡ್ಯಾಗ ತಲಿ ಹಾಕಿ ನಾ ಎದಿ ಪಂಪಿನ ತನಕ ಹೋದೆ ಅಂದ್ರ, ಮುಚ್ಚಿಬಿಡ್ರಿ. ಹೋಗಾಕ ಆಗಲಿಲ್ಲ ಅಂದ್ರ ಮತ್ತೊಮ್ಮೆ ವಿಚಾರ ಮಾಡ್ರಿ.”

“ತಂಗಿ ಇದ್ದಂಗ ಅಂತ ಸಡ್ಲ ಬಿಡ್ತೀರಿ.”

“ಕಳ್ಳಗ ತಂಗಿ ಇರ್ತಾಳೇನ್ರೀ?”

ಮೇಡಮ್ಮಿನ ಬಾಯಿಯ ಅಂಚು ಸ್ವಲ್ಪ ಅಲುಗಿತು. “ಮಾಡ್ರಿ,” ಎಂದು ಹೊರಟುಹೋದರು.

ಅಕ್ಕ ಹಳೆಯ ಕಿಂಡಿಯ ಹಿಂದೆ ಒಂದು ಪುಟ್ಟ ಕೋಣೆ ಕಟ್ಟಿದಳು. ಅಲ್ಲಿಂದ ತಾಕಿನ ಸುದ್ದಿ ಹೊರಗೆ ಬರಬಹುದೇ ಹೊರತು ಆ ಕೋಣೆಯಿಂದ ಬೇರೆ ಯಾವ ಕೋಣೆಗೂ ಬಾಗಿಲಿರಲಿಲ್ಲ. ನದಾಫರು ಅದಕ್ಕೆ ತಲೆ ಹೊಡೆದುಕೊಂಡು, ಬೈದು, ಚಹಾ ಕುಡಿದು, ಮತ್ತೆ ತಲೆ ಹೊಡೆದುಕೊಂಡರು. ಡಬ್ಬಿಯ ರೊಟ್ಟಿಯನ್ನು ಪರದೆ ನೋಡುತ್ತಲೇ ತಿನ್ನುತ್ತಿದ್ದರು. ಒಮ್ಮೆ ರೊಟ್ಟಿಯೆಂದು ಕರವಸ್ತ್ರ ಬಾಯಿಗೆ ಇಟ್ಟುಕೊಂಡದ್ದನ್ನು ನಾನು ನೋಡಿದೆ, ಹೇಳಲಿಲ್ಲ. ಕೊನೆಗೆ ಎರಡೂ ಕೈ ಎತ್ತಿ ಅಕ್ಕನಿಗೆ ಮುಗಿದರು. “ಒಳಗ ಬಂದೆನವಾ. ಆದ್ರ ಬಂದಾಂವ ಅಲ್ಲೇ ಕುಂದ್ರಬೇಕು, ಮುಂದ ದಾರಿ ಇಲ್ಲ. ನೀ ಜೇಲು ಕಟ್ಟೀದಿ.”

ಮನೆಯಲ್ಲಿ ಅವ್ವ ಲಟ್ಟಣಿಗೆ ಕಲಿಯುತ್ತಿದ್ದಳು. ಹಳೆಯ ತಿರುಳು ಇನ್ನೂ ಇದ್ದುದರಿಂದ ಬಡಿಯಬಹುದಿತ್ತು, ಆದರೂ ಮುಂದೆ ಬರುವುದಕ್ಕೆ ಈಗಲೇ ಸಿದ್ಧಳಾಗುತ್ತೇನೆಂದು ಹಟ ಹಿಡಿದಿದ್ದಳು. ಜೋಳದ ಹಿಟ್ಟು ಲಟ್ಟಣಿಗೆಯ ಮಾತು ಕೇಳುವುದಿಲ್ಲ. ಅಂಚು ಸೀಳುತ್ತಿತ್ತು. ಉಣ್ಣುವವರು ಮೊದಲ ದಿನ ಚೇಷ್ಟೆ ಮಾಡಿದರು. ಎರಡನೆಯ ದಿನ ಸುಮ್ಮನೆ ಉಂಡು ಎದ್ದರು. ಆ ಸುಮ್ಮನಿರುವಿಕೆ ಅವ್ವನಿಗೆ ತಾಕಿತು. ಚೇಷ್ಟೆ ಮಾಡಿದ್ದರೆ ತಿರುಗಿ ಹೇಳಲು ಅವಳಿಗೆ ಬರುತ್ತಿತ್ತು.

“ರೊಟ್ಟಿ ನಾ ಬಡೀತೀನಿ ಯವ್ವಾ,” ಎಂದೆ.

“ನೀ ಬಡಿ. ನಾ ಏನ್ ಮಾಡ್ಲಿ, ಕುಂತು ನಿನ್ನ ರೊಟ್ಟಿ ಎಣಸ್ಲಾ?” ಎಂದಳು. ಆಮೇಲೆ ಮೆಲ್ಲಗೆ, “ಗಿರಣ್ಯಾಗ ಕೈ ಹೋದಾಗ ನಾ ಅತ್ತಿರಲಿಲ್ಲ ನಿಂಬೀ. ರೊಟ್ಟಿ ತಿರುಗಿ ಬಂದ ದಿನ ಅತ್ತೆ. ಹೋದದ್ದು ಬಂತಲ್ಲ ಅಂತ. ಎರಡನೇ ಸಲ ಹೋಗೂದನ್ನ ಹೆಂಗ ತಡಕೋಬೇಕು ಅಂತ ನನಗ ಗೊತ್ತಿಲ್ಲ.”

*

ಅಮಾವಾಸ್ಯೆಗೆ ಸ್ವಲ್ಪ ದಿನ ಉಳಿದಿರುವಾಗ ಅವ್ವನನ್ನು ಪರೀಕ್ಷಾಲಯಕ್ಕೆ ಕರೆಸಿದರು. ರೊಟ್ಟಿ ಬಡಿಯುವ ಕಲ್ಲು, ಹಿಟ್ಟು, ಎಸರಿನ ಪಾತ್ರೆ, ಸಣ್ಣ ಒಲೆ, ಹಂಚು ಎಲ್ಲವನ್ನೂ ನಾನೇ ಹೊತ್ತೆ. ಉಕ್ಕಿನ ಮೇಜಿನ ಮೇಲೆ ಬಡಿಯುವುದಿಲ್ಲ ಎಂದು ಅವ್ವ ನೆಲದ ಮೇಲೆ ಕೂತಳು. ಬಿಳಿ ಕೋಟಿನವರೆಲ್ಲ ಸುತ್ತ ಕೂತರು. ಮೇಡಮ್ ಬಾಗಿಲ ಬಳಿ ನಿಂತಿದ್ದರು.

ಹೊಸ ತಿರುಳು, ಹಳೆಯ ಕಿಂಡಿ. ಅವ್ವ ಉಂಡೆ ಹಿಡಿದು ಒಣಹಿಟ್ಟು ಹಾಕಿ ಶುರು ಮಾಡಿದಳು. ಕೈ ಎದ್ದಿತು, ಬಿದ್ದಿತು. ಸದ್ದು ಚುರುಕಾಯಿತು. ಅಂಚಿಗೆ ಬಂತು. ಕೈ ನಿಲ್ಲಲಿಲ್ಲ! ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು.

ರೊಟ್ಟಿ ಹರಿಯಿತು.

ಇನ್ನೊಂದು ಉಂಡೆ. ಕೈ ನಿಲ್ಲಲಿಲ್ಲ, ರೊಟ್ಟಿ ಹರಿಯಿತು. ಮತ್ತೊಂದೂ ಹಾಗೆಯೇ.

“ಹಿಟ್ಟಿನ್ಯಾಗ ಜಿಗಿ ಇಲ್ಲೇನ್ರೀ?” ಎಂದರು ನದಾಫರು.

“ಹಿಟ್ಟು ಚಲೋ ಐತಿ,” ಎಂದಳು ಅವ್ವ. ಹಣೆಯ ಬೆವರನ್ನು ತೋಳಿನಿಂದ ಒರೆಸಿಕೊಂಡಳು. “ಕೈ ಮುಂದ ಮುಂದ ಓಡಾಕತ್ತೈತಿ. ನಾ ಹೇಳೂಕಿಂತ ಮೊದಲ ಬೀಳತೈತಿ.”

ಅಕ್ಕ ಹಳೆಯ ತಿರುಳಿನ ತಾಕುಗಳನ್ನೂ ಹೊಸದರ ತಾಕುಗಳನ್ನೂ ಪರದೆಯ ಮೇಲೆ ಎರಡು ಸಾಲಾಗಿ ಇಟ್ಟಳು. ಎರಡೂ ಸಾಲಿನಲ್ಲಿ ಚುಕ್ಕೆಗಳು. ಬಹಳ ಹೊತ್ತು ನೋಡಿದಳು. ಆಮೇಲೆ ಒಂದು ಸಾಲನ್ನು ಬೆರಳಿನಿಂದ ಒಂದು ಚುಕ್ಕೆಯಷ್ಟು ಪಕ್ಕಕ್ಕೆ ಸರಿಸಿದಳು. ಎರಡೂ ಸಾಲು ಒಂದರ ಮೇಲೊಂದು ಕೂತವು.

“ಹಳೇ ತಿರುಳು ತಡ ಮಾಡ್ತಿತ್ತು,” ಎಂದಳು. “ಪ್ರತಿ ತಾಕನ್ನೂ ಮುಂದಿನ ತಾಕು ಬಂದ ಮ್ಯಾಲೆ ಹೇಳ್ತಿತ್ತು. ಒಂದು ಬಡಿತ ತಡ. ಯಾರೋ ಎಂದೋ ಬರೆದ ತಪ್ಪು. ಕೈ ಮಾಡಿದಾವ್ರು ಅದನ್ನ ನೋಡಿ, ಕೈಯನ್ನ ಒಂದು ಬಡಿತ ಮುಂಚೆ ಹೊರಡೂ ಹಂಗ ಮಾಡ್ಯಾರ. ಈಗ ನಾವು ಸರಿಯಾದ ಹೊತ್ತಿಗೆ ಹೇಳಾಕತ್ತೀವಿ. ಅದಕ್ಕ ಮುಂಚೆ ಬೀಳಾಕತ್ತೈತಿ.”

“ಅಂದ್ರ?” ಮೇಡಮ್ ಬಾಗಿಲಿನಿಂದ ಒಳಗೆ ಬಂದರು.

“ಆ ತಪ್ಪನ್ನೂ ಮತ್ತ ಬರೀಬೇಕ್ರೀ ಮೇಡಮ್. ಹಳೇ ಕಿಂಡ್ಯಾಗ ತಡಾ ಮಾಡೇ ಉತ್ತರ ಕೊಡಬೇಕು.”

“ತಪ್ಪು ಅಂತ ಗೊತ್ತಿದ್ದೂ?”

“ಗೊತ್ತಿದ್ದೂ.”

ಹೊಸ ತಿರುಳಿನ ಹೆಮ್ಮೆಯೇ ಅದರ ಶುದ್ಧತೆ. ಹಳೆಯ ಕಸವೊಂದೂ ಉಳಿದಿಲ್ಲ ಎಂದು ಮೇಡಮ್ ಎಲ್ಲ ಸಭೆಗಳಲ್ಲಿ ಹೇಳಿದ್ದರು. ಅವರು ಅವ್ವನ ಎದುರು ನೆಲದ ಮೇಲೆ ಕೂತರು, ಸೀರೆಗೆ ಹಿಟ್ಟು ಮೆತ್ತುವುದನ್ನೂ ನೋಡದೆ.

“ತಾಯಾರ, ಬಡಿಯೂ ಮುಂದ ಈ ಕೈ ನಂಬತೀರೇನು ನೀವು? ಏನರ ಆಗಬಹುದು ಅಂತ ಅನಸೂದಿಲ್ಲೇನು?”

ಅವ್ವ ಯೋಚಿಸಿದಳು. “ನಂಬಬೇಕು ಅಂತ ನೆನಪಿದ್ರ ಬಡಿಯಾಕ ಆಗೂದಿಲ್ರೀ ಅಕ್ಕಾರ. ಕೈ ಮರತಾಗನ ರೊಟ್ಟಿ ಆಗತೈತಿ.”

ಮೇಡಮ್ ಹರಿದ ರೊಟ್ಟಿಯ ಒಂದು ತುಂಡನ್ನು ಎತ್ತಿಕೊಂಡು ನೋಡುತ್ತ ಕೂತರು.

“ನಮ್ಮ ಯಜಮಾನ್ರೂ ಹಂಗ ಇದ್ರು,” ಎಂದರು. “ಎದ್ಯಾಗ ಪಂಪು ಐತಿ ಅನ್ನೂದ ಅವರಿಗೆ ಮರತಿತ್ತು. ಏಣಿ ಹತ್ತತಿದ್ರು, ಜಗಳಾಡತಿದ್ರು.” ತುಂಡನ್ನು ಕಲ್ಲಿನ ಮೇಲೆ ಇಟ್ಟರು. “ಆ ಕಿಂಡಿ ಇತ್ತು ಅಂತ ಅವರು ಹೋಗಲಿಲ್ಲ. ಆ ಕಿಂಡಿ ಮುಂದ ಯಾರೂ ಕಾಯಾಕ ಕುಂತಿರಲಿಲ್ಲ, ಅದಕ್ಕ ಹೋದ್ರು. ನಾ ಇಷ್ಟು ದಿನ ಕಿಂಡಿ ಮ್ಯಾಲೆ ಸಿಟ್ಟು ಮಾಡೇನಿ.”

ಎದ್ದು ನಿಂತು, ಸೀರೆ ಝಾಡಿಸಿಕೊಂಡು, ಎಂದಿನ ದನಿಯಲ್ಲಿ ಹೇಳಿದರು: “ಮಹಾನಂದಾ, ತಪ್ಪು ಬರಿ. ಚಂದಾಗಿ ಬರಿ. ಬರೇ ಇದೊಂದ ಅಲ್ಲ, ಹೊರಗಿನ ಯಾವ ಕಿಂಡಿಯ ನಡತಿನೂ ಬದಲಾಗಬಾರದು. ಒಳಗ ಏನ್ ಬೇಕಾದ್ರೂ ಕೆಡವ್ರಿ. ಪ್ರತಿ ಹಳೇ ಕಿಂಡಿ ಮುಂದ ಒಬ್ಬರ ಕುಂದ್ರಬೇಕು, ಕೇಂದ್ರ ಇರೂ ತನಕ. ಈ ತಡವಾದ ಕಿಂಡಿ ಮುಂದ ನಾ ಕುಂದ್ರತೀನಿ.”

ಅಕ್ಕ ಅಲ್ಲೇ ಕೂತು ಬರೆದಳು. ಒಲೆ ಆರಿಸದೆ ಎಸರು ಕಾಯಿಸುತ್ತ ನಾವು ಕಾದೆವು. ಅವ್ವ ಹೊಸ ಉಂಡೆ ಹಿಡಿದಳು. ಪಟ, ಪಟ, ಪಟಪಟ, ಅಂಚಿನ ಸಣ್ಣ ಬಡಿತ. ರೊಟ್ಟಿ ಕಲ್ಲಿನ ಮೇಲೆ ಗುಂಡಗೆ ತಿರುಗುತ್ತ ಅಗಲವಾಯಿತು, ಹುಣ್ಣಿಮೆಯ ಚಂದ್ರ ಮೇಲೆ ಬಂದ ಹಾಗೆ. ಅವ್ವ ಅದನ್ನು ಎರಡೂ ಅಂಗೈಗಳ ಮೇಲೆ ಎತ್ತಿ ಹಿಡಿದು, ಹಂಚಿಗೆ ಹಾಕುವುದನ್ನೂ ಮರೆತು, ಎಲ್ಲರಿಗೂ ತೋರಿಸಿದಳು. ಬಿಳಿ ಕೋಟಿನವರು ಮಕ್ಕಳ ಹಾಗೆ ಚಪ್ಪಾಳೆ ಹೊಡೆದರು.

*

ಬದಲಾವಣೆಯ ದಿನ ಮಧ್ಯಾಹ್ನ ನಾಡಿನ ಎಲ್ಲ ಅಂಗಗಳಿಗೂ ಹೊಸ ತಿರುಳು ಒಮ್ಮೆಗೇ ಹೋಗುವುದಿತ್ತು. ಕಳ್ಳನಿಗೆ ಬಿಡುವು ಕೊಡಬಾರದೆಂದು ಹಾಗೆ. ಎಲ್ಲರೂ ಕೆಲಸ ಬಿಟ್ಟು ಕೂತಿರಬೇಕು, ವಾಹನ ನಡೆಸಬಾರದು, ಮೆಟ್ಟಿಲು ಹತ್ತಬಾರದು ಎಂದು ವಾರದಿಂದ ಸಾರುತ್ತಿದ್ದರು.

ಅವ್ವ ಕೂರುವುದಿಲ್ಲ ಎಂದಳು. “ಉಣ್ಣೂ ಹೊತ್ತಿಗೆ ಇಟ್ಟಾರ. ಉಣ್ಣಾವ್ರು ನನ್ನ ತಿರುಳು ನೋಡಾಕ ಬರ್ತಾರೇನು?” ಫೋನನ್ನು ಕಲ್ಲಿನ ಪಕ್ಕ ಇಟ್ಟುಕೊಂಡು, “ಕೇಳ್ಕೋರಿ,” ಎಂದಳು.

ನಾನು ಡಬ್ಬಿಗಳೊಂದಿಗೆ ನಿಯಂತ್ರಣ ಕೊಠಡಿಯಲ್ಲಿದ್ದೆ. ದೊಡ್ಡ ಗೋಡೆಯ ತುಂಬ ನಾಡಿನ ನಕ್ಷೆ, ಅದರ ತುಂಬ ಬೆಳಕಿನ ಹುಡಿ, ಒಂದೊಂದು ಕಣವೂ ಯಾರದೋ ಎದೆ, ಕಿವಿ, ಕಾಲು. ಯಾರೂ ಉಣ್ಣುತ್ತಿರಲಿಲ್ಲ. ಸ್ಪೀಕರಿನಲ್ಲಿ ಅವ್ವನ ಪಟಪಟ ಮಾತ್ರ ಬರುತ್ತಿತ್ತು. ಮೇಡಮ್ ತಲೆ ಆಡಿಸಿದರು. ಅಕ್ಕ ಗುಂಡಿ ಒತ್ತಿದಳು.

ಬೆಳಕಿನ ಹುಡಿ ಒಮ್ಮೆ ಕಣ್ಣು ಮುಚ್ಚಿ ತೆರೆಯಿತು. ಹಳದಿಯಿದ್ದದ್ದು ಹಸಿರಾಯಿತು.

ಪಟಪಟ ನಿಲ್ಲಲಿಲ್ಲ. ಎಲ್ಲಿ ಹಳೆಯದು ಮುಗಿದು ಎಲ್ಲಿ ಹೊಸದು ಶುರುವಾಯಿತೆಂದು ಆ ಸದ್ದಿನಲ್ಲಿ ಹುಡುಕಿದೆ. ಗೆರೆಯೇ ಸಿಗಲಿಲ್ಲ. ರೊಟ್ಟಿ ಹಂಚಿಗೆ ಬಿದ್ದ ಚುಂಯ್ ಸದ್ದು ಕೇಳಿಸಿತು. “ನಿಂಬೀ, ಆತೇನವಾ?” ಎಂದು ಅವ್ವ ಕೇಳಿದಳು. “ಆತು ಯವ್ವಾ,” ಎಂದೆ. ಅಕ್ಕ ಮೇಜಿಗೆ ಹಣೆ ಹಚ್ಚಿ ಅಳುತ್ತಿದ್ದಳು, ನಗುತ್ತಲೂ ಇದ್ದಳು.

ಆದರೂ ಯಾರೂ ಕೇಕೆ ಹಾಕಲಿಲ್ಲ. ಗೋಡೆಗೆ ಸಾಲಾಗಿ ದೂರಿನ ಫೋನುಗಳಿದ್ದವು. ಪ್ರತಿ ಫೋನಿನ ಮುಂದೆ ಒಬ್ಬೊಬ್ಬರು ಕೂತಿದ್ದರು. ಎಲ್ಲರೂ ಅವನ್ನೇ ನೋಡುತ್ತಿದ್ದರು. ಸುಮ್ಮನೆ ಹೊತ್ತು ಹೋಯಿತು. ಇನ್ನೂ ಹೋಯಿತು.

ಒಂದು ಫೋನ್ ರಿಂಗಾಯಿತು.

ಮೇಡಮ್ ತಾವೇ ಹೋಗಿ, ಎಲ್ಲರಿಗೂ ಕೇಳುವಂತೆ ಎತ್ತಿದರು. ಮುದುಕನೊಬ್ಬನ ಸಿಟ್ಟಿನ ದನಿ.

“ನಾ ಮುದ್ದೇಬಿಹಾಳದಿಂದ ಮಾತಾಡಾಕತ್ತೀನಿ. ನಂದು ಎರಡೂ ಮೊಣಕಾಲು ನಿಮ್ಮಾವ. ಏನ್ ಮಂದಿ ನೀವು?”

“ಏನಾತ್ರೀ ಅಜ್ಜಾರ? ನೋವೇನು?” ಎಂದರು ಮೇಡಮ್.

“ನೋವು ಇಲ್ಲ, ಏನಿಲ್ಲ. ಹೊಸದು ಹಾಕ್ತೀವಿ, ಕುಂದ್ರು ಅಂದ್ರಿ. ಮುಂಜಾನಿಂದ ಕುರ್ಚಿ ಬಿಟ್ಟು ಎದ್ದಿಲ್ಲ. ಹಾಕ್ತೀರೋ ಇಲ್ಲೋ ಹೇಳಿಬಿಡ್ರಿ.”

“ಹಾಕೀವ್ರೀ ಅಜ್ಜಾರ. ಆಗಲೇ ಆತು.”

“ಆತು? ಮತ್ತ ನನಗ ಏನೂ ಗೊತ್ತಾಗಲಿಲ್ಲಲ್ಲ!”

ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ಆಮೇಲೆ ಕೊಠಡಿಯೇ ಎದ್ದು ನಿಂತಿತು. ಕೇಕೆ, ಸಿಳ್ಳೆ, ಮೇಜಿನ ಬಡಿತ. ನದಾಫರು ತಮ್ಮ ಟೋಪಿಯನ್ನು ಸೂರಿಗೆ ತೂರಿದರು, ಅದು ದೀಪಕ್ಕೆ ಸಿಕ್ಕಿಕೊಂಡಿತು. ಅಕ್ಕ ನನ್ನನ್ನು ಸ್ಟೂಲಿನಿಂದ ಎಳೆದು ತಬ್ಬಿಕೊಂಡಳು. ಇಷ್ಟು ಜನರ ಮುಂದೆ ಹಾಗೆ ನಿಂತದ್ದು ಅದೇ ಮೊದಲು, ನಾಚಿಕೆಯಾಗಲಿಲ್ಲ.

ಮೇಡಮ್ ಒಂದು ಕಿವಿ ಮುಚ್ಚಿಕೊಂಡು ಫೋನಿನಲ್ಲಿ ಕೂಗುತ್ತಿದ್ದರು: “ಗೊತ್ತಾಗಬಾರದು ಅಂತನ ಮಾಡೀವ್ರೀ ಅಜ್ಜಾರ!”

“ಹುಚ್ಚರದೀರಿ,” ಎಂದ ಮುದುಕ. “ಹಂಗಾರ ನಾ ಏಳ್ಲಾ?”

“ಏಳ್ರಿ ಅಜ್ಜಾರ.”

ಎಲ್ಲರೂ ಒಮ್ಮೆಗೇ ಸುಮ್ಮನಾದರು. ಅತ್ತ ಕುರ್ಚಿ ಹಿಂದೆ ಸರಿದ ಸದ್ದು ಬಂತು. ಒಂದು ನಿಟ್ಟುಸಿರು. ಆಮೇಲೆ ಹೆಜ್ಜೆಗಳು, ಮೊದಲು ಒಂದು, ಆಮೇಲೆ ಇನ್ನೊಂದು, ಆಮೇಲೆ ಅವಸರದ ಹಲವು. ಬಾಗಿಲು ತೆರೆಯಿತು. ಫೋನ್ ಇಡುವುದನ್ನು ಅಜ್ಜ ಮರೆತಿದ್ದ. ಹೆಜ್ಜೆಗಳು ಅಂಗಳ ದಾಟಿ, ಯಾರನ್ನೋ ಹೆಸರು ಹಿಡಿದು ಕೂಗುತ್ತ, ದೂರ ದೂರ ಹೋದವು.